ಬೇಲಿ ಕಟ್ಟದವರು ಆಡನ್ನು ದೂರುತ್ತಾರೆ

ಸಸಿ ಸತ್ತರೆ ಆಡೇ ಕಾರಣ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಐದು ಹುಲಿಗಳು ವಿಷಕ್ಕೆ ಬಲಿಯಾದ ಬೆನ್ನಿಗೇ, 2025ರ ಜುಲೈನಲ್ಲಿ, ರಾಜ್ಯದ ಕಾಡುಗಳಲ್ಲಿ ದನ, ಕುರಿ, ಆಡು ಮೇಯಿಸುವುದನ್ನು ನಿಷೇಧಿಸಲು ಅರಣ್ಯ ಸಚಿವ ಈಶ್ವರ ಖಂಡ್ರೆ ಸೂಚಿಸಿದರು. ಅಂದಿನಿಂದ ನಗರದ ಪರಿಸರಪ್ರಿಯರ ಬಾಯಲ್ಲಿ ಒಂದೇ ಪಲ್ಲವಿ: ಚಿಗುರನ್ನೆಲ್ಲ ದನ ತಿಂದರೆ ಮರ ಬೆಳೆಯುವುದು ಹೇಗೆ?

ಹೇಗೆಂದು ಮಾಗಡಿ ಸೀಮೆಯ ಹುಲಿಕಲ್-ಕುದೂರು ರಸ್ತೆಗೆ ಹೋಗಿ ನೋಡಿ. ಸಾಲುಮರದ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ಅಲ್ಲಿ ಬೆಳೆಸಿದ್ದು 385 ಆಲದ ಮರ. ಆಲದ ಸೊಪ್ಪೆಂದರೆ ಆಡಿಗೆ ಪ್ರಾಣ. ಊರಿನಲ್ಲಿ ದನಕರುಗಳಿಗೇನೂ ಬರವಿರಲಿಲ್ಲ. ಅವರು ಕೊಡದಲ್ಲಿ ನೀರು ಹೊತ್ತರು, ಸಸಿಯ ಸುತ್ತ ಮುಳ್ಳು ಕಟ್ಟಿದರು, ಅಷ್ಟೆ. ಕೂಲಿ ಮಾಡಿ ಬದುಕುತ್ತಿದ್ದ ಇಬ್ಬರಿಂದ ಆದದ್ದು ಜೀಪು, ನರ್ಸರಿ, ಸಂಬಳದ ಸಿಬ್ಬಂದಿ ಎಲ್ಲ ಇರುವ ಇಲಾಖೆಯಿಂದ ಯಾಕಾಗುವುದಿಲ್ಲ?

ಆಡು ಮುಟ್ಟದ ಸೊಪ್ಪಿಲ್ಲ, ನಿಜ. ಹಿಂಗಾಲ ಮೇಲೆ ನಿಂತು ಮೇಯುತ್ತದೆ, ತೊಗಟೆಯನ್ನೂ ಬಿಡುವುದಿಲ್ಲ. ಅದಕ್ಕೇ ಸಸಿ ಆಳೆತ್ತರ ದಾಟುವವರೆಗೆ ಕಾವಲು ಬೇಕು. ವನಮಹೋತ್ಸವದಲ್ಲಿ ನೆಟ್ಟದ್ದಕ್ಕೆ ಲೆಕ್ಕವಿದೆ, ಫೋಟೊ ಇದೆ. ಮುಳ್ಳು ಹೊತ್ತು ತರುವವರು ಮಾತ್ರ ಇಲ್ಲ.

ಬೇಲಿಯ ತಾಪತ್ರಯವೇ ಬೇಡವೆಂದು ಹಿಂದೆ ದನ ಮೂಸದ ನೀಲಗಿರಿಯನ್ನು ತಂದು ಊರೊಟ್ಟಿನ ಜಮೀನುಗಳಲ್ಲಿ ತುಂಬಿದರು. 1987ರಲ್ಲಿ ಹಾವೇರಿ ಕಡೆಯ ಕುಸನೂರಿನಲ್ಲಿ ಜನ ಆ ಸಸಿಗಳನ್ನು ಕಿತ್ತೊಗೆದು ‘ಕಿತ್ತಿಕೋ-ಹಚ್ಚಿಕೋ’ ಚಳವಳಿ ಹೂಡಬೇಕಾಯಿತು. 100 ದನಕ್ಕೆ 30 ಎಕರೆ ಗೋಮಾಳ ಇರಬೇಕೆಂದು ಭೂಕಂದಾಯ ನಿಯಮವೇ ಹೇಳುತ್ತದೆ. ಎಲ್ಲಿದೆ ಆ ಗೋಮಾಳ? ಒತ್ತುವರಿಯಾಯಿತು, ಲೇಔಟಾಯಿತು. ಚಳ್ಳಕೆರೆಯ ಅಮೃತಮಹಲ್ ಕಾವಲು ಡಿಆರ್‌ಡಿಒ, ಬಾರ್ಕ್, ಇಸ್ರೋಗಳ ಪಾಲಾಯಿತು. ಹುಲ್ಲುಗಾವಲನ್ನು ಕಸಿದುಕೊಂಡವರೇ ಈಗ ಕಾಡಿನ ಬಾಗಿಲನ್ನೂ ಮುಚ್ಚಲು ಹೊರಟಿದ್ದಾರೆ. ಕಾಡಂಚಿನವರಿಗೆ ಮೇಯಿಸುವ ಹಕ್ಕಿದೆ ಎಂದು 2006ರ ಅರಣ್ಯ ಹಕ್ಕು ಕಾಯ್ದೆ ಒಪ್ಪಿದೆ. ಆ ಹಕ್ಕು ಯಾವ ಸಚಿವರ ಭಿಕ್ಷೆಯೂ ಅಲ್ಲ.

385 ಮರ ಕಣ್ಣೆದುರಿಗೆ ನಿಂತಿರುವಾಗ ಆಡಿನ ನೆಪ ಬೇಡ. ನೆಟ್ಟ ಗುಂಡಿಗೆ ಬಿಲ್ಲು ಪಾಸು ಮಾಡುವುದನ್ನು ನಿಲ್ಲಿಸಿ, ಮೂರನೇ ಮಳೆಗಾಲಕ್ಕೆ ಉಳಿದ ಸಸಿ ಎಣಿಸಿ ಹಣ ಕೊಡಿ. ಕಾವಲಿನ ಕೂಲಿಯನ್ನು ಊರಿನ ಕುರಿಗಾಹಿಗಳಿಗೇ ಕೊಡಿ. ಯಾವ ಆಡು ಯಾವ ಹೊತ್ತಿಗೆ ಎಲ್ಲಿ ನುಗ್ಗುತ್ತದೆಂದು ಅವರಿಗಿಂತ ಚೆನ್ನಾಗಿ ಯಾವ ಗಾರ್ಡಿಗೂ ಗೊತ್ತಿಲ್ಲ.