ತೊಟ್ಟಿಲಲ್ಲಿ ಎಂಜಿನ್
ಮೊನ್ನೆ ಒಂದು ವಿಡಿಯೊದಲ್ಲಿ ಒಂಟಿ ಸಿಲಿಂಡರಿನ ಹಳೆಯ ಬಿಎಂಡಬ್ಲ್ಯು ಆರ್27 ಬೈಕು ನೋಡಿದೆ. ನಿಂತಲ್ಲೇ ಗುಡುಗುಡು ಎನ್ನುತ್ತಿದ್ದ ಎಂಜಿನ್ ಚಾಸಿಯೊಳಗೆ ತೊಟ್ಟಿಲ ಕೂಸಿನಂತೆ ತೂಗುತ್ತಿತ್ತು. ಆ ತೂಗಾಟದ ಹಿಂದೆ ಹನ್ನೆರಡು ವರ್ಷಗಳ ತಾಳ್ಮೆಯಿದೆ. ಎರಡನೇ ಮಹಾಯುದ್ಧದಲ್ಲಿ ಸೋತ ಜರ್ಮನಿಯಲ್ಲಿ 250 ಸಿಸಿಗಿಂತ ದೊಡ್ಡ ಬೈಕು ಮಾಡಲು ಆಗ ಅನುಮತಿಯಿರಲಿಲ್ಲ. ಮ್ಯೂನಿಕ್‌ನ ಬಿಎಂಡಬ್ಲ್ಯು ಎಂಜಿನಿಯರುಗಳ ಕೈಯಲ್ಲಿ ಹಳೆಯ ನಕ್ಷೆಗಳೂ ಇರಲಿಲ್ಲ. ಯುದ್ಧಕ್ಕೆ ಮುಂಚಿನ ಆರ್23 ಒಂದನ್ನು ಬಿಚ್ಚಿ, ಬಿಡಿಬಿಡಿಯಾಗಿ ಅಳೆದು, 1948ರಲ್ಲಿ ಆರ್24 ಕಟ್ಟಿದರು. ಓಲೆಗರಿ ಕಳೆದುಹೋದ ಕಾವ್ಯವನ್ನು ಹಾಡುವವರ ಬಾಯಿಂದ ಕೇಳಿ ಮತ್ತೆ ಬರೆದುಕೊಂಡ ಹಾಗೆ. ಆಮೇಲೆ ಅವರು ನಡೆದ ದಾರಿ ನನಗೆ ಇನ್ನೂ ಪ್ರಿಯ. 68 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), ಅಷ್ಟೇ ಸ್ಟ್ರೋಕ್ (ಪಿಸ್ಟನ್ ಓಡುವ ದೂರ), 247 ಸಿಸಿ: ಈ ಅಳತೆಯನ್ನು ಕೊನೆಯವರೆಗೂ ಮುಟ್ಟಲಿಲ್ಲ. ಅದರೊಳಗೇ 12 ಅಶ್ವಶಕ್ತಿಯನ್ನು 18ಕ್ಕೆ ಏರಿಸಿದರು. ಹಿಂದಿನ ಚಕ್ರಕ್ಕೆ ಆರ್25ರಲ್ಲಿ ಸ್ಪ್ರಿಂಗ್ ಬಂತು, ಆರ್26ರಲ್ಲಿ ಸ್ವಿಂಗ್ ಆರ್ಮ್. ಉಳಿದದ್ದು ಒಂಟಿ ಸಿಲಿಂಡರಿನ ಹುಟ್ಟುಗುಣವಾದ ನಡುಕ. ಶಕ್ತಿ ಏರಿದಷ್ಟೂ ಅದು ಸವಾರನ ಅಂಗೈ, ಪಾದಗಳನ್ನು ಕಾಡುತ್ತದೆ. 1960ರ ಆರ್27ರಲ್ಲಿ ಅವರು ಅದರ ಜೊತೆ ಗುದ್ದಾಡಲಿಲ್ಲ. ಎಂಜಿನ್ನನ್ನೇ ರಬ್ಬರಿನ ಮೇಲೆ ಕೂರಿಸಿ, ನಡುಗುವಷ್ಟು ನಡುಗು ಎಂದು ಬಿಟ್ಟರು. ಎಂಥ ಪ್ರೀತಿಯ ಪರಿಹಾರ! 1966ರಲ್ಲಿ ಆರ್27 ನಿಂತಿತು. ಬಿಎಂಡಬ್ಲ್ಯು ಮತ್ತೆ ಒಂಟಿ ಸಿಲಿಂಡರಿನ ಬೈಕು ತಂದದ್ದು 1993ರಲ್ಲಿ.