ವರದಿಯ ಒಂದು ಪದ ಹಣೆಬರಹವಲ್ಲ

ಬೆಂಗಳೂರಿನಲ್ಲಿ ‘ಕಿದ್ವಾಯಿಗೆ ಬರೆದುಕೊಟ್ಟಿದ್ದಾರೆ’ ಎಂದರೆ ಸಾಕು, ಮನೆಯವರ ಮುಖ ಬಾಡುತ್ತದೆ. ಹೊಸೂರು ರಸ್ತೆಯ ಆ ಕ್ಯಾನ್ಸರ್ ಆಸ್ಪತ್ರೆಯ ಹೆಸರು ನಮ್ಮ ಕಡೆ ಕಾಯಿಲೆಯ ಹೆಸರೇ ಆಗಿಬಿಟ್ಟಿದೆ. ದೆಹಲಿಯಲ್ಲಿ ಕಿದ್ವಾಯಿ ನಗರ ಎಂದರೆ ಸರಕಾರಿ ನೌಕರರ ಬಡಾವಣೆ. ಎರಡಕ್ಕೂ ಹೆಸರು ಕೊಟ್ಟವರು ಒಬ್ಬರೇ: ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವ, ಆಹಾರ ಸಚಿವರಾಗಿದ್ದಾಗಲೇ 1954ರಲ್ಲಿ ತೀರಿಕೊಂಡ ರಫಿ ಅಹ್ಮದ್ ಕಿದ್ವಾಯಿ. ಆದರೆ ಇಲ್ಲಿಯೂ ರಿಂಗ್ ರಸ್ತೆ ದಾಟಿದರೆ ಏಮ್ಸ್. ಹಾಗಾಗಿ ಊರಿನಿಂದ ಫೈಲು ಹಿಡಿದು ಬರುವವರಿಗೆ ಈ ಬಡಾವಣೆಯ ಪರಿಚಯದ ಮನೆಯೇ ಮೊದಲ ಆಸರೆ.

ಲಿವರ್ ಕ್ಯಾನ್ಸರಿನ ಫೈಲುಗಳಲ್ಲಿ ಕೆಲವೊಮ್ಮೆ ‘ಕೆರಾಟಿನ್ 19 ಪಾಸಿಟಿವ್’ ಎಂಬಂಥ ಸಾಲು ಇರುತ್ತದೆ. ಮಕ್ಕಳು ರಾತ್ರಿ ಮೊಬೈಲಿನಲ್ಲಿ ಅದನ್ನು ಹುಡುಕುತ್ತಾರೆ. ಅದರ ಹಿಂದೆಯೇ ಸಿಡಿ133, ಎಪ್‌ಕ್ಯಾಮ್, ಸಿಡಿ90, ‘ಕ್ಯಾನ್ಸರ್ ಸ್ಟೆಮ್ ಸೆಲ್’ ಎಂಬ ಪದಗಳು ಸಾಲುಗಟ್ಟುತ್ತವೆ. ಕೊನೆಗೆ ‘ಬದುಕುಳಿಯುವ ಅವಧಿ ಕಡಿಮೆ’ ಎಂಬ ವಾಕ್ಯ. ಬೆಳಿಗ್ಗೆ ಅಪ್ಪನನ್ನು ಡಾಕ್ಟರಿಗೆ ತೋರಿಸುವ ಮೊದಲೇ ‘ಊರಿಗೆ ಕರೆದುಕೊಂಡು ಹೋಗಿಬಿಡೋಣ’ ಎಂಬ ಮಾತು ಶುರುವಾಗುತ್ತದೆ. ಈ ಸಲದ ಅಂಕಣ ಆ ಬೆಳಗಿಗಾಗಿ.

ಹೊಲದಲ್ಲಿ ಜೇಕು ಕಿತ್ತವರಿಗೆ ಈ ವಿಜ್ಞಾನ ಸುಲಭವಾಗಿ ಅರ್ಥವಾಗುತ್ತದೆ. ಮೇಲಿನ ಹುಲ್ಲು ಕಿತ್ತರೂ ಮಣ್ಣಿನೊಳಗೆ ಗೆಡ್ಡೆ ಉಳಿದರೆ ಮತ್ತೆ ಚಿಗುರುತ್ತದೆ. ಗಡ್ಡೆಯ ಎಲ್ಲ ಕೋಶಗಳೂ ಸಮಾನವಲ್ಲ, ಕೆಲವಕ್ಕೆ ಮಾತ್ರ ಗಡ್ಡೆಯನ್ನು ಹೊಸದಾಗಿ ಬೆಳೆಸುವ ಶಕ್ತಿ ಇದೆ ಎಂಬುದು ಕಾಂಡಕೋಶದ ವಾದ. ಟೊರಾಂಟೊದ ಜಾನ್ ಡಿಕ್ ಅವರ ತಂಡ 1994ರಲ್ಲಿ ರಕ್ತದ ಕ್ಯಾನ್ಸರಿನಲ್ಲಿ ಇಂಥ ಕೋಶಗಳನ್ನು ತೋರಿಸಿತು. ಮುಂದೆ ಲಿವರ್ ಗಡ್ಡೆಯಲ್ಲೂ ಹುಡುಕಾಟ ನಡೆಯಿತು. ಸಿಡಿ133, ಎಪ್‌ಕ್ಯಾಮ್ ಮುಂತಾದವು ಅಂಥ ಕೋಶಗಳ ಮೈಮೇಲಿನ ಗುರುತುಗಳು. ಕೆರಾಟಿನ್ 19 ಕೋಶದ ಒಳಗಿನದು.

ಈ ಗುರುತುಗಳು ಹೆಚ್ಚಾಗಿರುವ ಗಡ್ಡೆಗಳು ಆಪರೇಷನ್ ಆದ ಮೇಲೆ ಮರುಕಳಿಸುವುದು ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ. ಅದು ಸುಳ್ಳಲ್ಲ. ಆದರೆ ಅದು ಗುಂಪಿನ ಲೆಕ್ಕ, ನಿಮ್ಮ ಅಪ್ಪನ ಲೆಕ್ಕವಲ್ಲ. ಆ ಅಧ್ಯಯನಗಳಲ್ಲಿ ಹೆಚ್ಚಿನವು ಚೀನಾ, ಜಪಾನ್, ಕೊರಿಯಾಗಳಲ್ಲಿ ಆಪರೇಷನ್ ಆದ ರೋಗಿಗಳ ಮೇಲೆ ನಡೆದವು. ಎಷ್ಟು ಕೋಶಗಳಲ್ಲಿ ಕಂಡರೆ ‘ಪಾಸಿಟಿವ್’ ಎನ್ನಬೇಕು ಎಂಬುದೂ ಒಂದೊಂದು ಕಡೆ ಒಂದೊಂದು ರೀತಿ. ಸಾಲದ್ದಕ್ಕೆ ಎಪ್‌ಕ್ಯಾಮ್, ಕೆರಾಟಿನ್ 19 ಎರಡೂ ಆರೋಗ್ಯವಂತರ ಪಿತ್ತನಾಳದ ಕೋಶಗಳಲ್ಲೂ ಇರುತ್ತವೆ.

ಇನ್ನೊಂದು ವಿಷಯ. ಸಿರೋಸಿಸ್ ಇರುವವರಲ್ಲಿ ಲಿವರ್ ಕ್ಯಾನ್ಸರನ್ನು ಎಷ್ಟೋ ಸಲ ಸಿಟಿ ಅಥವಾ ಎಂಆರ್‌ಐ ನೋಡಿಯೇ ತೀರ್ಮಾನಿಸುತ್ತಾರೆ, ಬಯಾಪ್ಸಿಯೇ ಮಾಡುವುದಿಲ್ಲ. ಗಡ್ಡೆಯ ತುಣುಕೇ ಇಲ್ಲದ ಮೇಲೆ ಈ ಗುರುತು ಹುಡುಕುವುದೆಲ್ಲಿ? ಡಾಕ್ಟರು ದಾರಿ ನಿರ್ಧರಿಸುವುದು ಬೇರೆ ಲೆಕ್ಕಗಳಿಂದ: ಗಡ್ಡೆಗಳೆಷ್ಟು, ಗಾತ್ರವೆಷ್ಟು, ರಕ್ತನಾಳಕ್ಕೆ ಹೊಕ್ಕಿದೆಯೇ, ಉಳಿದ ಲಿವರ್ ಎಷ್ಟು ಕೆಲಸ ಮಾಡುತ್ತಿದೆ, ರೋಗಿ ಎದ್ದು ಓಡಾಡುತ್ತಾರೆಯೇ. ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ವೇಗ, ಹೊಟ್ಟೆಯಲ್ಲಿ ನೀರು, ಮಂಪರು – ಈ ಐದನ್ನು ಸೇರಿಸಿ ಕೊಡುವ ಚೈಲ್ಡ್-ಪ್ಯೂ ಅಂಕ ಆ ಫೈಲಿನಲ್ಲಿ ಸಿಡಿ133ಕ್ಕಿಂತ ಹೆಚ್ಚು ಮಾತಾಡುತ್ತದೆ.

‘ಸ್ಟೆಮ್ ಸೆಲ್’ ಎಂಬ ಪದಕ್ಕೆ ಇನ್ನೊಂದು ಅಪಾಯವೂ ಅಂಟಿಕೊಂಡಿದೆ. ಅದೇ ಹೆಸರಿನಲ್ಲಿ ಲಿವರ್ ಸರಿಮಾಡುತ್ತೇವೆ ಎಂಬ ಜಾಹೀರಾತುಗಳು ಕಣ್ಣಿಗೆ ಬೀಳುತ್ತವೆ. ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯಂಥ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಪ್ರಯೋಗಗಳು ಅನುಮತಿ ಪಡೆದ ಪರೀಕ್ಷೆಯೊಳಗೇ ನಡೆಯಬೇಕು. ಪರೀಕ್ಷೆಯ ಹೆಸರಿನಲ್ಲಿ ರೋಗಿಯಿಂದ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಹೊಲ ಮಾರಿದ ದುಡ್ಡು ಅಲ್ಲಿ ಸುರಿಯಬೇಡಿ.

ಬದಲಿಗೆ ಡಾಕ್ಟರನ್ನು ಕೇಳಿ: ಇದು ಯಾವ ಹಂತ? ಆಪರೇಷನ್ ಅಥವಾ ಲಿವರ್ ಕಸಿ ಸಾಧ್ಯವೇ? ಆಗದಿದ್ದರೆ ಸುಡುವ, ರಕ್ತನಾಳದ ಮೂಲಕ ಔಷಧ ಕೊಡುವ, ಮಾತ್ರೆ-ಇಂಜೆಕ್ಷನ್ನಿನ ದಾರಿಗಳಲ್ಲಿ ಯಾವುದು? ಎರಡನೇ ಅಭಿಪ್ರಾಯ ಬೇಕಿದ್ದರೆ ವಸಂತ್ ಕುಂಜ್‌ನಲ್ಲಿ ಲಿವರ್‌ಗೆಂದೇ ಇರುವ ಸರಕಾರಿ ಸಂಸ್ಥೆ ಐಎಲ್‌ಬಿಎಸ್ ಇದೆ. ಎಲ್ಲ ದಾರಿ ಮುಚ್ಚಿದ್ದರೂ ನೋವು ಕಡಿಮೆ ಮಾಡುವ ಚಿಕಿತ್ಸೆ ಎಂಬುದೊಂದಿದೆ. ಊರಿಗೆ ಹೋಗುವುದೇ ಸರಿ ಎನಿಸಿದರೆ ಡಾಕ್ಟರ ಮಾತು ಕೇಳಿ ಹೋಗಲಿ, ಮೊಬೈಲಿನ ಮಾತು ಕೇಳಿ ಅಲ್ಲ.

ಕರೆದುಕೊಂಡು ಬಂದ ಮಕ್ಕಳಿಗೂ ಒಂದು ಮಾತು. ಅಪ್ಪನಿಗೆ ಹೆಪಟೈಟಿಸ್ ಬಿ ಇದ್ದರೆ ನೀವೂ ನಿಮ್ಮ ಒಡಹುಟ್ಟಿದವರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಸೋಂಕು ಇಲ್ಲದವರಿಗೆ ಲಸಿಕೆ ಇದೆ, ಇದ್ದವರಿಗೆ ಮಾತ್ರೆ ಇದೆ. ಮನೆಯಲ್ಲಿ ಯಾರಿಗಾದರೂ ಸಿರೋಸಿಸ್ ಇದ್ದರೆ, ಅದು ಕುಡಿತದಿಂದ ಬಂದಿರಲಿ, ಕೊಬ್ಬಿನಿಂದ ಬಂದಿರಲಿ, ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಬೇಡಿ. ಚಿಕ್ಕದಿದ್ದಾಗ ಸಿಕ್ಕ ಗಡ್ಡೆಗೆ ಮದ್ದಿನ ದಾರಿಗಳು ಹೆಚ್ಚು.