ಗಡಿ ದಾಟುವ ಮುನ್ನ ಎರಡು ಕ್ಯಾಲೆಂಡರ್ ನೋಡಿ



ಮಂಗಳೂರಿಗೆ ಹೋಗುವುದೆಂದರೆ ಕಾಸರಗೋಡಿನ ಕನ್ನಡಿಗರಾದ ನಮಗೆ ಪರರಾಜ್ಯಕ್ಕೆ ಹೋದ ಹಾಗಲ್ಲ, ಪಕ್ಕದ ಮನೆಗೆ ಹೋದ ಹಾಗೆ. ಮದ್ದಿಗೂ ಮಂಗಳೂರು, ಮದುವೆಯ ಜವಳಿಗೂ ಮಂಗಳೂರು, ಪ್ಲಸ್ ಟು ಮುಗಿಸಿದ ಮಕ್ಕಳ ಕಾಲೇಜಿಗೂ ಮಂಗಳೂರು. 1956ರ ನವೆಂಬರ್ 1ರಂದು ಗಡಿಯ ಗೆರೆ ಬಿದ್ದದ್ದು ನಕಾಶೆಯಲ್ಲಿ. ನಮ್ಮ ನಿತ್ಯದ ಬದುಕಿನಲ್ಲಿ ಅದು ಕಾಣಿಸುವುದು ತಲಪಾಡಿಯಲ್ಲಿ, ಅದೂ ಮುಂದಿನ ವಾಹನದ ಕೆಂಪು ದೀಪ ಹೊತ್ತಿ ನಿಂತಾಗ!

"ಬ್ಲಾಕ್ ಇತ್ತು ಮಾಷ್ಟ್ರೇ" ಎಂಬ ಮಾತು ನಮ್ಮ ಕಡೆ ಎಷ್ಟು ಸಾಮಾನ್ಯವಾಗಿದೆ ಎಂದರೆ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಮಳೆಯ ಹಾಗೆ, ಅದು ಬಂದರೆ ಬಂತು. ಆದರೆ ಸ್ವಲ್ಪ ಯೋಚಿಸಿ. ಮಳೆ ನಮ್ಮ ಕೈಯಲ್ಲಿಲ್ಲ. ಬ್ಲಾಕ್‌ನ ಒಂದು ಪಾಲಾದರೂ ನಮ್ಮ ಕೈಯಲ್ಲಿದೆ. ತರಗತಿಗೆ ಹೋಗುವ ಮೊದಲು ಅಧ್ಯಾಪಕರು ಪಾಠ ಟಿಪ್ಪಣಿ ಬರೆಯುತ್ತಾರಲ್ಲ, ಗಡಿ ದಾಟುವ ಪ್ರಯಾಣಕ್ಕೂ ಅಂಥದೊಂದು ಟಿಪ್ಪಣಿ ಬೇಕು ಎಂಬುದು ನಮ್ಮ ಅಭಿಪ್ರಾಯ.

"ಈಗ ರಸ್ತೆ ಅಗಲವಾಗಿದೆ, ಇನ್ನೆಂಥ ಬ್ಲಾಕ್?" ಎಂದು ಕೇಳುವವರಿದ್ದಾರೆ. ತಲಪಾಡಿಯಿಂದ ಚೆಂಗಳದವರೆಗಿನ ಸುಮಾರು 39 ಕಿಲೋಮೀಟರ್ ಹೆದ್ದಾರಿ ಷಟ್ಪಥವಾಗಿದೆ, ನಿಜ. ಆದರೆ ಗಡಿ ದಾಟಿದ ಕೂಡಲೇ ಅದೇ ರಸ್ತೆ ಚತುಷ್ಪಥ. ಅಲ್ಲೇ ಟೋಲ್ ಗೇಟು. ಮುಂದೆ ತೊಕ್ಕೊಟ್ಟು, ಆಮೇಲೆ ನೇತ್ರಾವತಿ ಸೇತುವೆ, ಪಂಪ್‌ವೆಲ್. ಲಾಳಿಕೆಯ ಬಾಯಿ ಎಷ್ಟು ಅಗಲವಾದರೇನು, ಎಣ್ಣೆ ಇಳಿಯುವುದು ಕೆಳಗಿನ ಸಣ್ಣ ತೂತಿನಲ್ಲೇ ತಾನೆ? ಹಿಂದೆ ಕುಂಬಳೆ, ಉಪ್ಪಳಗಳಲ್ಲಿ ಸ್ವಲ್ಪ ಸ್ವಲ್ಪ ನಿಂತು ಬರುತ್ತಿದ್ದ ವಾಹನಗಳು ಈಗ ಒಟ್ಟಿಗೇ ಗಡಿಗೆ ಬಂದು ಸೇರುತ್ತವೆ.

ಕೆಲವು ಸಂಗತಿಗಳು ಸುಧಾರಿಸಿವೆ ಎಂಬುದನ್ನೂ ಹೇಳಬೇಕು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳು ಹೋದವು. ಮಂಜೇಶ್ವರದಲ್ಲಿ ಲಾರಿಗಳ ಆ ಉದ್ದ ಸಾಲು ಈಗಿಲ್ಲ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಯಿತು. ಚಿಲ್ಲರೆಗಾಗಿ ಹುಡುಕಾಡುವ ಕಾಲ ಮುಗಿಯಿತು. ಆದರೂ ಖಾತೆಯಲ್ಲಿ ಹಣವಿಲ್ಲದ ಒಂದು ಕಾರು ಸಾಕು, ಹಿಂದಿನ ಇಪ್ಪತ್ತು ಕಾರುಗಳನ್ನು ನಿಲ್ಲಿಸಲು. ಆ ಒಂದು ಕಾರು ನಮ್ಮದಾಗದಂತೆ ಹಿಂದಿನ ರಾತ್ರಿಯೇ ನೋಡಿಕೊಂಡರೆ ಅದೂ ಒಂದು ಸಮಾಜಸೇವೆಯೇ.

ಈಗ ಟಿಪ್ಪಣಿಗೆ ಬರೋಣ.

ಮೊದಲನೆಯದು ದಿನ. ನಮ್ಮ ಮನೆಗಳ ಗೋಡೆಯಲ್ಲಿ ಸಾಮಾನ್ಯವಾಗಿ ಎರಡು ಕ್ಯಾಲೆಂಡರ್ ತೂಗುತ್ತವೆ, ಒಂದು ಕನ್ನಡದ್ದು, ಒಂದು ಮಲಯಾಳದ್ದು. ಗಡಿನಾಡಿನವರಾದ ನಮಗಿರುವ ದೊಡ್ಡ ಅನುಕೂಲ ಇದು. ಮಂಗಳೂರಿನವರಿಗೆ ಓಣಂ ರಜೆ ಎಂದೆಂದು ಗೊತ್ತಿರುವುದಿಲ್ಲ, ಕಣ್ಣೂರಿನವರಿಗೆ ಕುದ್ರೋಳಿ ದಸರಾದ ಗದ್ದಲ ಗೊತ್ತಿರುವುದಿಲ್ಲ. ನಮಗೆ ಎರಡೂ ಗೊತ್ತು. ನವರಾತ್ರಿಯಲ್ಲಿ, ಅದರಲ್ಲೂ ವಿಜಯದಶಮಿಯ ಆಸುಪಾಸಿನಲ್ಲಿ, ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಕೇರಳದವರು ಕೊಲ್ಲೂರಿಗೆ ಹೋಗುವುದು ಇದೇ ದಾರಿಯಲ್ಲಿ. ನವೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಶಬರಿಮಲೆ ಯಾತ್ರಿಕರ ವಾಹನಗಳು ಆ ಕಡೆಯಿಂದ ಈ ಕಡೆಗೆ. ಮದುವೆ ಸೀಸನ್ನಿನ ಭಾನುವಾರಗಳಂತೂ ಹೇಳುವುದೇ ಬೇಡ, ಎರಡೂ ಕಡೆಯವರು ಎರಡೂ ಕಡೆಗೆ. ಡಾಕ್ಟರರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ, ಶಾಲಾ ಪ್ರವಾಸದ ದಿನ ನಿಗದಿ ಮಾಡುವಾಗ ಈ ಎರಡು ಕ್ಯಾಲೆಂಡರನ್ನೂ ಒಮ್ಮೆ ನೋಡಿದರೆ ಅರ್ಧ ಕೆಲಸ ಆದ ಹಾಗೆ.

ಎರಡನೆಯದು ಹೊತ್ತು. ಕಚೇರಿ, ಕಾಲೇಜು, ಆಸ್ಪತ್ರೆಯ ಹೊರರೋಗಿ ವಿಭಾಗ, ಮೂರೂ ತೆರೆಯುವುದು ಒಂಬತ್ತು-ಹತ್ತರ ನಡುವೆ. ಹಾಗಾಗಿ ಎಲ್ಲರೂ ತಲಪಾಡಿಯಲ್ಲಿ ಇರುವುದು ಎಂಟು-ಒಂಬತ್ತರ ನಡುವೆ. ಏಳಕ್ಕೆ ಮೊದಲು ಗಡಿ ದಾಟಿದವನು ತೊಕ್ಕೊಟ್ಟನ್ನೂ ಸೇತುವೆಯನ್ನೂ ಸಲೀಸಾಗಿ ದಾಟುತ್ತಾನೆ. ಅಷ್ಟು ಬೇಗ ಆಗದವರು ಹತ್ತೂವರೆಯ ನಂತರ ಹೋಗುವ ಕೆಲಸವನ್ನೇ ಇಟ್ಟುಕೊಳ್ಳಲಿ. ಫೋನಿನ ನಕಾಶೆ ರಸ್ತೆ ಈಗ ಹೇಗಿದೆ ಎಂದು ಚೆನ್ನಾಗಿಯೇ ತೋರಿಸುತ್ತದೆ. ಆದರೆ ನಾವು ಅಲ್ಲಿಗೆ ಮುಟ್ಟುವುದು ಮುಕ್ಕಾಲು ಗಂಟೆ ಕಳೆದು. ಅಷ್ಟರಲ್ಲಿ ನೀಲಿ ಕೆಂಪಾಗಿರುತ್ತದೆ. ಇನ್ನೊಂದು ಮಾತು. ಕರ್ನಾಟಕದಲ್ಲಿ ಪೆಟ್ರೋಲು-ಡೀಸೆಲಿಗೆ ನಮ್ಮಲ್ಲಿಗಿಂತ ದರ ಕಡಿಮೆ ಎಂದು ಗಡಿಯ ಬಂಕುಗಳಿಗೆ ನುಗ್ಗುತ್ತೇವಲ್ಲ, ಅದನ್ನು ಬರುವಾಗ ನಿಧಾನವಾಗಿ ಮಾಡಬಹುದು. ಹೋಗುವ ಗಡಿಬಿಡಿಯಲ್ಲೇ ಆಗಬೇಕೆಂದೇನಿಲ್ಲ.

ಮೂರನೆಯದು ದಾರಿ. ಇದು ಮುಖ್ಯ. ಗಡಿ ಎಂದರೆ ತಲಪಾಡಿ ಒಂದೇ ಎಂದು ನಾವು ತಿಳಿದುಕೊಂಡಿದ್ದೇವೆ. ಹೋಗುವ ಊರು ಯಾವುದು ಎಂದು ಮೊದಲು ಕೇಳಿಕೊಳ್ಳಬೇಕು, ಗಡಿ ಎಲ್ಲಿ ದಾಟುವುದು ಎಂದು ಆಮೇಲೆ. ವಿಟ್ಲ, ಕಲ್ಲಡ್ಕದ ಕಡೆಗೆ ಹೋಗುವವರಿಗೆ ಚೆರ್ಕಳದಿಂದ ಬದಿಯಡ್ಕ, ಪೆರ್ಲ, ಅಡ್ಕಸ್ಥಳದ ದಾರಿ ಇದೆ. ಪುತ್ತೂರಿಗೆ ಮುಳ್ಳೇರಿಯದಿಂದ ಗ್ವಾಳಿಮುಖ, ಈಶ್ವರಮಂಗಲ. ಸುಳ್ಯಕ್ಕೆ, ಮಡಿಕೇರಿಗೆ, ಮೈಸೂರಿಗೆ ಚೆರ್ಕಳ-ಜಾಲ್ಸೂರು. ಭಾಗಮಂಡಲಕ್ಕೆ ಪಾಣತ್ತೂರು, ಕರಿಕೆ. ದೇರಳಕಟ್ಟೆಯ ಆಸ್ಪತ್ರೆಗಳಿಗೆ ಹೋಗುವವರು ತಲಪಾಡಿಯಲ್ಲೇ ದಾಟಿದರೂ ತೊಕ್ಕೊಟ್ಟಿನ ತನಕ ಹೋಗಬೇಕಾಗಿಲ್ಲ, ಕೋಟೆಕಾರು ಬೀರಿಯಲ್ಲಿ ತಿರುಗಿ ಮಾಡೂರು ಮೂಲಕ ಹೋಗಬಹುದು. ಮಳೆಗಾಲದಲ್ಲಿ ಮಾತ್ರ ಘಟ್ಟದ ದಾರಿ ಹಿಡಿಯುವ ಮೊದಲು ವಿಚಾರಿಸಿಕೊಳ್ಳಿ. 2018ರ ಆಗಸ್ಟಿನಲ್ಲಿ ಸಂಪಾಜೆ-ಮಡಿಕೇರಿ ರಸ್ತೆ ಕುಸಿದದ್ದು ಮರೆಯುವಂಥದ್ದಲ್ಲ.

ಇಲ್ಲಿ ಅಧ್ಯಾಪಕರಾಗಿ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಒಳದಾರಿಗಳು ಹೆದ್ದಾರಿಯ ಬ್ಲಾಕ್ ತಪ್ಪಿಸಲೆಂದು ಹುಟ್ಟಿದವಲ್ಲ. ಅವು ಆ ಊರಿನವರ ದಾರಿ. ಬೆಳಿಗ್ಗೆ ಹತ್ತರ ಸುಮಾರಿಗೆ, ಸಂಜೆ ನಾಲ್ಕರ ಸುಮಾರಿಗೆ ಅಲ್ಲಿ ನಡೆಯುವವರು ನಮ್ಮ ಶಾಲೆಗಳ ಮಕ್ಕಳು. ತಲಪಾಡಿಯಲ್ಲಿ ಕಳೆದುಕೊಂಡ ಇಪ್ಪತ್ತು ನಿಮಿಷವನ್ನು ಶಾಲೆಯೆದುರಿನ ತಿರುವಿನಲ್ಲಿ ವಸೂಲು ಮಾಡಲು ಹೊರಟರೆ ಅದಕ್ಕಿಂತ ಬ್ಲಾಕೇ ಮೇಲು. ಆದ್ದರಿಂದ ಯಾರಿಗೆ ಒಳದಾರಿ ನಿಜವಾದ ದಾರಿಯೋ ಅವರು ಮಾತ್ರ ಅದರಲ್ಲಿ ಹೋಗಲಿ. ಹಂಪನಕಟ್ಟೆಗೆ ಹೋಗುವವರು ಎಲ್ಲೆಲ್ಲೋ ಸುತ್ತಿ ಬಂದರೂ ಕೊನೆಗೆ ನಗರದ ಬಾಗಿಲಲ್ಲಿ ಅದೇ ಸಾಲಿಗೆ ಸೇರಬೇಕಲ್ಲವೇ?

ಅಂಥವರಿಗೆ ನಾಲ್ಕನೆಯ ದಾರಿ, ರೈಲು. ಕಾಸರಗೋಡಿನಿಂದ ಮಂಗಳೂರು ಸೆಂಟ್ರಲ್‌ಗೆ ರೈಲಿನಲ್ಲಿ ಐವತ್ತು ಕಿಲೋಮೀಟರೂ ಇಲ್ಲ. ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲೂ ನಿಲ್ದಾಣಗಳಿವೆ. ರೈಲಿಗೆ ಟೋಲೂ ಇಲ್ಲ, ತೊಕ್ಕೊಟ್ಟೂ ಇಲ್ಲ! ಕಾಲೇಜು ಮಕ್ಕಳು ಸೀಸನ್ ಟಿಕೆಟ್ ಮಾಡಿಸಿ ಹಾಯಾಗಿ ಹೋಗಿಬರುತ್ತಾರೆ. ಕಾರು ಇದೆ ಎಂಬ ಒಂದೇ ಕಾರಣಕ್ಕೆ ನಾವು ಹಿರಿಯರು ರಸ್ತೆಯಲ್ಲಿ ಬೇಯುತ್ತೇವೆ.

ಶಾಲಾ ಪ್ರವಾಸ ಕರೆದೊಯ್ಯುವ ಸಹೋದ್ಯೋಗಿಗಳಿಗೆ ಒಂದೇ ಮಾತು. ಬಾಡಿಗೆ ವಾಹನದ ಅಂತರರಾಜ್ಯ ಪರವಾನಿಗೆ, ತೆರಿಗೆ ಕಾಗದ ಹಿಂದಿನ ದಿನವೇ ನಿಮ್ಮ ಕಣ್ಣಿಗೆ ಬೀಳಲಿ. "ಎಲ್ಲ ಉಂಟು ಮಾಷ್ಟ್ರೇ" ಎಂಬ ಡ್ರೈವರಣ್ಣನ ಮಾತು ಕಾಗದವಾಗುವುದಿಲ್ಲ. ರಸ್ತೆ ಬದಿಯಲ್ಲಿ ಕೈಕಟ್ಟಿ ನಿಲ್ಲುವ ಮಕ್ಕಳು ಪಿಲಿಕುಳವನ್ನಾಗಲಿ ಕಡಲನ್ನಾಗಲಿ ನೋಡಲಾರರು.

ಇಷ್ಟೆಲ್ಲ ಬರೆದದ್ದು ಬರೇ ಹೊತ್ತು ಉಳಿಸಲಿಕ್ಕಲ್ಲ. 2020ರ ಮಾರ್ಚ್ ನೆನಪಿದೆಯಲ್ಲ? ಕೊರೋನಾದ ಭಯದಲ್ಲಿ ತಲಪಾಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ಜೀವ ಹೋದವರ ಸುದ್ದಿ ದಿನದಿನವೂ ಪತ್ರಿಕೆಯಲ್ಲಿ ಓದಿದೆವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಸಬೇಕೆಂದು ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಂದು ನಮಗೆಲ್ಲ ಗೊತ್ತಾದದ್ದು, ಈ ಗಡಿಯಲ್ಲಿ ದಾರಿ ಎಂದರೆ ಉಸಿರು ಎಂದು. ಇಂದು ಅದೇ ದಾರಿಯಲ್ಲಿ ಆಂಬುಲೆನ್ಸ್ ಕೂಗುತ್ತಾ ನಿಂತರೆ, ಅದನ್ನು ತಡೆದದ್ದು ಯಾವ ಸರಕಾರವೂ ಅಲ್ಲ. ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ತಡವಾದರೂ ಆಗಬಹುದಾದ ಕೆಲಸಕ್ಕೆ ಹೊರಟ ನಾವು!

ಸರಕಾರಗಳ ಪಾಲೂ ಇದೆ, ಇಲ್ಲವೆನ್ನುವುದಿಲ್ಲ. ಒಳದಾರಿಗಳ ಹೊಂಡ ಗಡಿಯ ಎರಡೂ ಬದಿ ಮುಚ್ಚಬೇಕು. ಅವುಗಳಲ್ಲಿ ಬಸ್ಸುಗಳು ಹೆಚ್ಚಬೇಕು. ಈ ಬದಿ ಕೇರಳದ ಡಾಮರು ಮುಗಿಯುವಲ್ಲಿ ಆ ಬದಿಯ ಡಾಮರು ಶುರುವಾಗಬೇಕು, ನಡುವೆ ಯಾರದ್ದೂ ಅಲ್ಲದ ಹೊಂಡ ಉಳಿಯಬಾರದು. ಗ್ರಾಮಸಭೆಯಲ್ಲಿ ಇದನ್ನು ಕೇಳುವವರು ನಾವೇ ಆಗಬೇಕು. ಹೆದ್ದಾರಿಯ ಬಗ್ಗೆ ಮಾತಾಡಲು ದೊಡ್ಡವರಿದ್ದಾರೆ, ಗ್ವಾಳಿಮುಖದ ರಸ್ತೆಯ ಬಗ್ಗೆ ಮಾತಾಡಲು ನಮ್ಮನ್ನು ಬಿಟ್ಟರೆ ಯಾರಿದ್ದಾರೆ?

ಮುಂದಿನ ಪಿ.ಟಿ.ಎ. ಸಭೆಯಲ್ಲಿ ಹತ್ತು ನಿಮಿಷ ಇದಕ್ಕೆ ಕೊಡೋಣ. ಯಾವ ಮಗು ಯಾವ ದಿನ ಪ್ರವೇಶ ಪರೀಕ್ಷೆಗೆ ಗಡಿ ದಾಟಬೇಕು, ಯಾರ ಮನೆಯ ಅಜ್ಜಿಗೆ ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಹೋಗಲಿಕ್ಕಿದೆ, ಯಾರ ಕಾರಿನಲ್ಲಿ ಎರಡು ಸೀಟು ಖಾಲಿ ಇದೆ, ಒಂದು ಪುಟದಲ್ಲಿ ಬರೆದಿಡೋಣ. ನಾಲ್ಕು ಕಾರಿನ ಬದಲು ಎರಡು ಕಾರು ಹೊರಟರೂ ಲಾಭವೇ. ಏನಂತೀರಿ?